ರಜೆ ಬಂತಲ್ಲ ಟೀಚರಮ್ಮಾ, ಈಗೇನು ಮಾಡ್ಸೋಣ?

ಯುಗಾದಿ ಹತ್ತಿರ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತೆ. ಜೂನ್‌ನಿಂದ ಫೆಬ್ರವರಿವರೆಗೆ ‘ಮಗ ಓದಲ್ಲ’ ಅನ್ನುವ ದೂರು. ಚೈತ್ರ ಬಂತೋ, ‘ಮಗ ಮನೇಲೇ ಇರ್ತಾನೆ’ ಅನ್ನುವ ದಿಗಿಲು. ಈ ಸಲ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇನೆ. ಉತ್ತರ ಕೆಲವರಿಗೆ ಉದ್ದ, ಕೆಲವರಿಗೆ ಗಿಡ್ಡ. ಬೇಜಾರು ಮಾಡ್ಕೋಬೇಡಿ.

ನಮ್ಮೂರಲ್ಲಿ ಹತ್ತು ದಿನದ ಬೇಸಿಗೆ ಶಿಬಿರಕ್ಕೆ ತಲೆಗೆ ಎಂಟು ಸಾವಿರ ಕೇಳ್ತಾ ಇದಾರೆ. ನನಗೆ ಇಬ್ಬರು ಮಕ್ಕಳು. ಕಳಿಸದಿದ್ದರೆ ಮಕ್ಕಳು ಹಿಂದೆ ಬೀಳ್ತಾರಾ?
— ಒಬ್ಬ ತಾಯಿ, ತರೀಕೆರೆ

ಯಾರಿಗಿಂತ ಹಿಂದೆ, ಮೊದಲು ಅದು ಹೇಳಿ. ಹದಿನಾರು ಸಾವಿರ ಕೊಟ್ಟು ಹತ್ತು ದಿನ ಕಳಿಸ್ತೀರಿ, ರಜೆ ಇರೋದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಉಳಿದ ದಿನಕ್ಕೆ ಏನು ಮಾಡ್ತೀರಿ?

ಶಿಬಿರ ಅಂದರೆ ಬೇಡವೇ ಬೇಡ ಅನ್ನುವವಳಲ್ಲ ನಾನು. ಮೈಸೂರಿನ ರಂಗಾಯಣ ಪ್ರತಿ ಬೇಸಿಗೆ ನಡೆಸುವ ಚಿಣ್ಣರ ಮೇಳ ನೋಡಿ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಮಕ್ಕಳು ಹಾಡ್ತಾರೆ, ಬಣ್ಣ ಬಳಿದುಕೊಳ್ತಾರೆ, ಮುಖವಾಡ ಮಾಡ್ತಾರೆ, ಕೊನೆಗೆ ನಾಟಕ ಆಡ್ತಾರೆ. ಅರ್ಜಿ ಸಿಗದೆ ವಾಪಸ್ ಬರುವ ಪೋಷಕರೂ ಇದ್ದಾರೆ. ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲೂ ರಂಗಾಯಣ ಇದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನ ಇದೆ. ಆದರೆ ತರೀಕೆರೆಯಿಂದ ಇಬ್ಬರು ಮಕ್ಕಳನ್ನು ದಿನಾ ಶಿವಮೊಗ್ಗಕ್ಕೆ ಬಸ್ ಹತ್ತಿಸೋದು ಆಗದ ಮಾತು.

ನಿಮ್ಮ ಸುತ್ತಮುತ್ತಲ ಯಾವುದಾದರೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಹಿಂದೆ ಅದನ್ನು ಪಂಚಾಯಿತಿ ಲೈಬ್ರರಿ ಅಂತಿದ್ದೆವು. ‘ಓದುವ ಬೆಳಕು’ ಯೋಜನೆ ಬಂದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಎಷ್ಟೋ ಕಡೆ ಚೆಸ್, ಕೇರಂ ಇಟ್ಟಿದ್ದಾರೆ, ರಜೆಯಲ್ಲಿ ಶಿಬಿರವನ್ನೂ ನಡೆಸುತ್ತಾರೆ. ನಿಮ್ಮಲ್ಲಿ ನಡೆಯುತ್ತಿಲ್ಲವಾದರೆ ಗ್ರಂಥಪಾಲಕರನ್ನು ಕೇಳಿ. ಕೇಳುವವರು ಇಲ್ಲ ಅಂತಲೇ ಎಷ್ಟೋ ಕಡೆ ಬಾಗಿಲು ಅರ್ಧ ಮುಚ್ಚಿರುತ್ತೆ.

ಇನ್ನೊಂದು ದಾರಿ: ನಿಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿಕೊಳ್ಳಿ. ವಾರಕ್ಕೊಂದು ದಿನ ಒಬ್ಬೊಬ್ಬರ ಮನೆ. ಹೊಲಿಗೆ ಗೊತ್ತಿರೋ ಮನೇಲಿ ಗುಂಡಿ ಹೊಲಿಯೋದು ಕಲೀಲಿ, ಸೈಕಲ್ ಶಾಪಿನವರ ಮನೇಲಿ ಪಂಕ್ಚರ್ ಹಾಕೋದು ಕಲೀಲಿ. ಮಧ್ಯಾಹ್ನ ಅಲ್ಲೇ ಊಟ. ಇದಕ್ಕೆ ಸರ್ಟಿಫಿಕೇಟ್ ಕೊಡಲ್ಲ ನಿಜ.

ದುಡ್ಡು ಕೊಟ್ಟೇ ಕಳಿಸ್ತೀನಿ ಅಂದರೆ ಆಯೋಜಕರನ್ನು ಇಷ್ಟು ಕೇಳಿ: ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು ಇರ್ತಾರೆ? ಕುಡಿಯುವ ನೀರು, ಶೌಚಾಲಯ ಎಲ್ಲಿದೆ, ನಾನು ನೋಡಬಹುದಾ? ಹೇಳದೇ ಕೇಳದೇ ನಡುವೆ ಒಂದು ದಿನ ಬಂದರೆ ಒಳಗೆ ಬಿಡ್ತೀರಾ? ಮೂರನೆಯದಕ್ಕೆ ಅವರು ತಡವರಿಸಿದರೆ ನಿಮ್ಮ ಹದಿನಾರು ಸಾವಿರ ನಿಮ್ಮಲ್ಲೇ ಇರಲಿ.

ಮಗಳು ಒಂಬತ್ತಕ್ಕೆ ಹೋಗ್ತಾಳೆ. ಟ್ಯೂಷನ್ನಿನವರು ಏಪ್ರಿಲ್‌ನಿಂದಲೇ ಒಂಬತ್ತನೇ ಕ್ಲಾಸಿನ ಪಾಠ ಶುರು ಮಾಡ್ತಾರಂತೆ. ನೀವು ಜಾತ್ರೆ, ಆಟ ಅಂತ ಬರೀತಾ ಕೂತಿದ್ದೀರಿ.
— ಒಬ್ಬ ತಂದೆ, ತುಮಕೂರು

ಜೂನ್‌ನಲ್ಲಿ ಶಾಲೆಯಲ್ಲಿ ಅದೇ ಪಾಠ ಮತ್ತೆ ಕೇಳುವಾಗ ಆ ಹುಡುಗಿ ಆಕಳಿಸ್ತಾಳೆ. ತರಗತಿಯ ಮುಂದೆ ನಿಂತು ಆ ಆಕಳಿಕೆ ನೋಡಿದವಳು ನಾನು. ಮೇ ತಿಂಗಳಾದರೂ ಬಿಡಿ ಸ್ವಾಮಿ.

ನಾನು ಗುಬ್ಬಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ರಜೆಯಲ್ಲಿ ಒಂದು ದಿನ ಮಕ್ಕಳನ್ನು, ಅವರ ಅಪ್ಪ ಅಮ್ಮನನ್ನು ಸೇರಿಸಿ ವಿಜ್ಞಾನದ ಏನಾದರೂ ಮಾಡಬೇಕು ಅಂತ ಆಸೆ. ಪ್ರಯೋಗಾಲಯ ಇಲ್ಲ, ದುಡ್ಡೂ ಇಲ್ಲ.

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು ಕಣಮ್ಮ. ನಿಮಗೆ ಬೇಕಾಗಿರೋದು ಬಿಸಿಲು. ಅದು ಏಪ್ರಿಲ್‌ನಲ್ಲಿ ಗುಬ್ಬಿಯಲ್ಲಿ ಧಾರಾಳವಾಗಿದೆ.

ಶೂನ್ಯ ನೆರಳಿನ ದಿನ ಮಾಡಿ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರ್ತಾನೆ ಅಂತ ಹೇಳ್ತೀವಲ್ಲ, ನಿಜಕ್ಕೂ ಸರಿಯಾಗಿ ನೆತ್ತಿಗೆ ಬರೋದು ವರ್ಷಕ್ಕೆ ಎರಡೇ ಸಲ. ಅದೂ ಕರ್ಕಾಟಕ, ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವ ಊರುಗಳಿಗೆ ಮಾತ್ರ. ಕರ್ನಾಟಕ ಇಡೀ ಅದರೊಳಗಿದೆ, ದೆಹಲಿ ಇಲ್ಲ. ಗುಬ್ಬಿ, ತುಮಕೂರಿಗೆ ಮೊದಲನೆಯ ಸಲ ಏಪ್ರಿಲ್ 25–26ರ ಹೊತ್ತಿಗೆ ಬರುತ್ತೆ. ಮಂಡ್ಯ, ಮೈಸೂರಿಗೆ 22–23, ಬೆಂಗಳೂರಿಗೆ 24–25, ಶಿವಮೊಗ್ಗಕ್ಕೆ 27–28, ಹುಬ್ಬಳ್ಳಿ ಧಾರವಾಡಕ್ಕೆ ಮೇ 2–3, ಕಲಬುರಗಿಗೆ ಮೇ 9, ಬೀದರಿಗೆ ಮೇ 11ರ ಆಸುಪಾಸು. ಎರಡನೆಯ ಸಲ ಆಗಸ್ಟ್‌ನಲ್ಲಿ. ಆಗ ಮೋಡ ಇರೋದೇ ಹೆಚ್ಚು. ಹಾಗಾಗಿ ನಮಗೆ ಬೇಸಿಗೆಯದೇ ಗತಿ.

ಹನ್ನೆರಡಕ್ಕೆ ಎಲ್ಲರೂ ಬಂದು ಹನ್ನೆರಡೂ ಐದಕ್ಕೆ ಹೊರಟುಬಿಟ್ಟರೆ ಕೆಟ್ಟಿತು. ನಮ್ಮ ಗಡಿಯಾರ ತೋರಿಸೋದು ಭಾರತಕ್ಕೆಲ್ಲ ಒಂದೇ ವೇಳೆ. ಗುಬ್ಬಿಯ ಸೂರ್ಯನಿಗೆ ಆ ದಿನ ಮಧ್ಯಾಹ್ನ ಆಗೋದು ಸುಮಾರು 12 ಗಂಟೆ 20 ನಿಮಿಷಕ್ಕೆ. ಹನ್ನೊಂದೂಮುಕ್ಕಾಲಿಗೆ ಶುರು ಮಾಡಿ.

ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು ಅಥವಾ ಪ್ಲಂಬಿಂಗ್ ಪೈಪಿನ ತುಂಡು ಸಾಕು. ಧ್ವಜಕಟ್ಟೆಯ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ಗಾರೆ ಕೆಲಸದ ಅಪ್ಪ ಯಾರಾದರೂ ಇದ್ದರೆ ತೂಗುಗುಂಡು ತರ್ತಾರೆ, ಅವರ ಮಗನಿಗೆ ಆವತ್ತು ಗತ್ತು. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಡಿಸಿ. ನೆರಳು ಕುಗ್ಗುತ್ತಾ ಕುಗ್ಗುತ್ತಾ ಕೋಲಿನ ಬುಡಕ್ಕೆ ಸೇರಿಕೊಳ್ಳುತ್ತೆ. ಪಕ್ಕದಲ್ಲಿ ಬೋರಲು ಹಾಕಿದ ಸ್ಟೀಲ್ ಲೋಟ ಇದ್ದರೆ ಅದರ ಸುತ್ತ ನೆರಳಿನ ಗೆರೆಯೇ ಕಾಣಲ್ಲ. ಮಕ್ಕಳು ಆಗ ತಮ್ಮ ನೆರಳು ಹುಡುಕೋಕೆ ಶುರು ಮಾಡ್ತಾರೆ, ಕಾಲ ಕೆಳಗೆ ಬಗ್ಗಿ ಬಗ್ಗಿ ನೋಡ್ತಾರೆ. ಒಂದು ಎಚ್ಚರ: ತಲೆ ಎತ್ತಿ ಸೂರ್ಯನನ್ನು ಯಾರೂ ನೋಡಬಾರದು, ನೋಡೋದೆಲ್ಲ ನೆಲದ ಮೇಲೇ. ಚಪ್ಪಲಿ ಹಾಕಿಸಿ, ಒಂದು ಬಿಂದಿಗೆ ಮಜ್ಜಿಗೆ ಇಡಿ.

ಆ ಒಂದು ದಿನಕ್ಕೆ ಮುಗಿಸಬೇಡಿ. ವಾರ ಮುಂಚೆ ನಡುಮಧ್ಯಾಹ್ನದ ನೆರಳು ಯಾವ ಕಡೆ ಬೀಳುತ್ತೆ ಅಂತ ಗುರುತು ಹಾಕಿಸಿ, ಉತ್ತರಕ್ಕಿರುತ್ತೆ. ವಾರ ಆದ ಮೇಲೆ ನೋಡಲಿ, ದಕ್ಷಿಣಕ್ಕೆ ತಿರುಗಿರುತ್ತೆ. ಆಗಸ್ಟ್‌ವರೆಗೂ ಹಾಗೇ. ನಮ್ಮ ಪಠ್ಯಪುಸ್ತಕದ ಪ್ರಶ್ನೋತ್ತರದಲ್ಲಿ ಇದು ಎಲ್ಲೂ ಬರಲ್ಲ, ಅಂಗಳದಲ್ಲಿ ಮಾತ್ರ ಕಾಣುತ್ತೆ.

ಏಳನೇ ಕ್ಲಾಸಿನವರಿದ್ದರೆ ಇನ್ನೂ ಒಂದು ಹೆಜ್ಜೆ ಇದೆ. ಬೀದರ್ ಜಿಲ್ಲೆಯ ಒಬ್ಬ ಶಿಕ್ಷಕರ ಫೋನ್ ನಂಬರ್ ಹುಡುಕಿ. ನಿಮ್ಮಲ್ಲಿ ನೆರಳಿಲ್ಲದ ದಿನವೇ ಅವರೂ ಒಂದು ಮೀಟರ್ ಕೋಲು ನಿಲ್ಲಿಸಿ ಮಧ್ಯಾಹ್ನದ ನೆರಳು ಅಳೀಲಿ. ಸುಮಾರು 8 ಸೆಂಟಿಮೀಟರ್ ಬರಬೇಕು. ಕೋಲು, ನೆರಳು ಎರಡನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಕಾಗದದ ಮೇಲೆ ತ್ರಿಕೋನ ಬರೆದು, ಕೋಲಿನ ಮೇಲ್ತುದಿಯ ಕೋನಕ್ಕೆ ಕೋನಮಾಪಕ ಇಟ್ಟರೆ ನಾಲ್ಕೂವರೆ ಡಿಗ್ರಿಯ ಮೇಲೆ ಸ್ವಲ್ಪ. ಬೀದರ್ ನಿಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ನೇರ ಗೆರೆ ಎಳೆದರೆ ಸುಮಾರು 510 ಕಿಲೋಮೀಟರ್. ಅಷ್ಟು ದೂರಕ್ಕೆ 4.6 ಡಿಗ್ರಿ ಆದರೆ 360 ಡಿಗ್ರಿಗೆ ಎಷ್ಟು? ಮಕ್ಕಳೇ ಗುಣಿಸಲಿ. 40 ಸಾವಿರ ಕಿಲೋಮೀಟರ್ ಹತ್ತಿರ ಬರುತ್ತೆ, ಭೂಮಿಯ ಸುತ್ತಳತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಕೂತು ಎರಟೋಸ್ತನೀಸ್ ಅನ್ನೋ ಗ್ರೀಕ್ ವಿದ್ವಾಂಸ ಹಾಕಿದ ಲೆಕ್ಕದ ಜಾಡು ಇದೇ. ಕಾಲು ಡಿಗ್ರಿ ತಪ್ಪಿದರೂ ಉತ್ತರ ಎರಡು ಸಾವಿರ ಕಿಲೋಮೀಟರ್ ಆಚೀಚೆ ಆಗುತ್ತೆ, ಆಗಲಿ. ಯಾಕಾಯ್ತು ಅಂತ ಜಗಳ ಆಡೋದೇ ಅವತ್ತಿನ ಪಾಠ.

ಯುಗಾದಿ, ಯುಗಾದಿ ಅಂತ ಪ್ರತಿ ವರ್ಷ ಬರೆಯುತ್ತೀರಿ. ನಮ್ಮಲ್ಲಿ ಹೊಸ ವರ್ಷ ಬಿಸುವಿಗೆ ಮಾರಾಯ್ರೆ. ಒಂದು ಸಾಲಾದರೂ ಬರೆಯಬಹುದಲ್ಲ?
— ಒಬ್ಬ ಅಜ್ಜಿ, ಪುತ್ತೂರು

ಒಂದು ಸಾಲು ಯಾಕೆ, ನಾಲ್ಕು ಬರೀತೀನಿ ಅಮ್ಮ. ನಮ್ಮ ಕಡೆ ಚಂದ್ರನ ಲೆಕ್ಕ, ನಿಮ್ಮ ಕಡೆ ಸೂರ್ಯನ ಲೆಕ್ಕ. ಅದಕ್ಕೇ ಬಿಸು ಹಬ್ಬ ಏಪ್ರಿಲ್ 14 ಅಥವಾ 15 ಬಿಟ್ಟು ಕದಲಲ್ಲ, ಯುಗಾದಿ ಪ್ರತಿ ವರ್ಷ ಓಡಾಡುತ್ತೆ. ಘಟ್ಟದ ಮೇಲಿನ ಮಕ್ಕಳಿಗೆ ಬಿಸು ಕಣಿ ಗೊತ್ತಿಲ್ಲ. ದೇವರ ಮುಂದೆ ಕನ್ನಡಿ, ಅದರ ಎದುರು ಅಕ್ಕಿ, ತೆಂಗಿನಕಾಯಿ, ಸೌತೆ, ತೋಟದಲ್ಲಿ ಬೆಳೆದ ಹಣ್ಣು ತರಕಾರಿ, ಅಡಿಕೆ, ವೀಳ್ಯದೆಲೆ, ಹೂವು, ಒಂಚೂರು ಚಿನ್ನ. ಬೆಳಿಗ್ಗೆ ಎದ್ದು ಮೊದಲು ನೋಡೋದು ಅದನ್ನೇ, ಆಮೇಲೆ ಹಿರಿಯರ ಕಾಲಿಗೆ ನಮಸ್ಕಾರ.

ಕಣಿ ಜೋಡಿಸುವ ಕೆಲಸ ಈ ವರ್ಷ ನಿಮ್ಮ ಮೊಮ್ಮಕ್ಕಳಿಗೇ ಬಿಡಿ ಅನ್ನೋದಷ್ಟೇ ನನ್ನ ಮಾತು. ಅಂಗಡಿಯಿಂದ ತಂದದ್ದು ಒಂದೂ ಇರಬಾರದು ಅಂತ ಷರತ್ತು ಹಾಕಿ. ಅಕ್ಕಪಕ್ಕದ ತೋಟ ಎಲ್ಲ ಅವರಿಗೆ ಪರಿಚಯ ಆಗುತ್ತೆ. ನಿಮ್ಮೂರಿಗಂತೂ ಆ ಹೊತ್ತಿಗೆ ಮಹಾಲಿಂಗೇಶ್ವರನ ಜಾತ್ರೆಯೂ ಬಂದಿರುತ್ತೆ. ಏಪ್ರಿಲ್ 17ರ ಬ್ರಹ್ಮರಥೋತ್ಸವ, ಪುತ್ತೂರು ಬೆಡಿ (ಸಿಡಿಮದ್ದು) ಬಿಟ್ಟು ಮೊಮ್ಮಕ್ಕಳು ಎಲ್ಲಿಗೂ ಬರಲ್ಲ ಅಂತ ನನಗೆ ಗೊತ್ತು. ಅದರ ನಡುವೆ ಒಂದು ಬೆಳಿಗ್ಗೆ ಪರ್ಲಡ್ಕದ ಬಾಲವನಕ್ಕೂ ಕರ್ಕೊಂಡು ಹೋಗಿ. ಮಕ್ಕಳಿಗೆ ಆಟ ಪಾಠ ಬೇರೆ ಬೇರೆ ಅಲ್ಲ ಅಂತ ಶಿವರಾಮ ಕಾರಂತರು 1930ರ ದಶಕದಲ್ಲೇ ಮಾಡಿ ತೋರಿಸಿದ ಜಾಗ ಅದು.

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವಂಥ, ಮಾಲ್ ಅಲ್ಲದ, ರೆಸಾರ್ಟ್ ಅಲ್ಲದ ಜಾಗ ಹೇಳಿ ಮೇಡಂ. ಮಕ್ಕಳಿಗೆ ಆರು ಮತ್ತು ಹನ್ನೊಂದು.
— ಒಂದು ಕುಟುಂಬ, ರಾಜಾಜಿನಗರ

ಕೊಕ್ಕರೆ ಬೆಳ್ಳೂರು. ನಮ್ಮ ಮದ್ದೂರು ತಾಲ್ಲೂಕಿನದು ಅಂತ ಸ್ವಲ್ಪ ಜಂಬದಿಂದಲೇ ಹೇಳ್ತೀನಿ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಮೇಲಿನ ಹೆದ್ದಾರಿಯಲ್ಲೇ ಹೋದರೆ ತಿರುವು ತಪ್ಪೀತು, ಸರ್ವಿಸ್ ರಸ್ತೆ ಹಿಡೀರಿ.

ಇದು ಪಕ್ಷಿಧಾಮ ಅಲ್ಲ, ಊರು. ಟಿಕೆಟ್ ಹರಿದು ಒಳಗೆ ಹೋಗಿ ಪಂಜರ ನೋಡುವ ಹಾಗಿಲ್ಲ. ಮನೆ ಹಿತ್ತಲ ಹುಣಸೆಮರ, ಬೀದಿಯ ಅತ್ತಿಮರದ ಮೇಲೆಯೇ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತವೆ. ಡಿಸೆಂಬರ್–ಜನವರಿಗೆ ಬಂದವು ಮಳೆ ಹಿಡಿಯುವ ಹೊತ್ತಿಗೆ ಹೊರಡ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಮರಿಗಳನ್ನು ನೋಡಬಹುದು. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತಾರೆ ಊರಿನವರು ಆ ಹಕ್ಕಿಗಳನ್ನು. ಫಲ ಬರುವ ಹುಣಸೆಮರವನ್ನು ಹಕ್ಕಿಗೆ ಬಿಟ್ಟುಕೊಟ್ಟ ಊರಿಗೆ ಹಾಗೆ ಹೇಳುವ ಹಕ್ಕಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಲು ಬಿಡುವ ಕೆಲಸ ಮಾಡಿಕೊಂಡು ಬಂದಿದೆ.

ಏಳು ಗಂಟೆಯೊಳಗೆ ಅಲ್ಲಿರಿ. ಒಂದು ಮರದ ಕೆಳಗೆ, ಸ್ವಲ್ಪ ದೂರದಲ್ಲಿ, ಅರ್ಧ ಗಂಟೆ ಕೂರಿ. ಮರದಿಂದ ಮರಕ್ಕೆ ಓಡಿದರೆ ಏನೂ ಕಾಣಲ್ಲ. ಹೆಜ್ಜಾರ್ಲೆ ಮರಿ ತಾಯಿಯ ಬಾಯೊಳಗೆ ತಲೆಯನ್ನು ಪೂರಾ ತೂರಿಸಿ ಮೀನು ತಿನ್ನುತ್ತೆ. ನಿಮ್ಮ ಆರು ವರ್ಷದವನು ‘ಅಮ್ಮ, ಮರೀನ ನುಂಗ್ತಾ ಇದೆ’ ಅಂತ ಕೂಗೇ ಕೂಗ್ತಾನೆ. ಬಿಸಿಲೇರಿದ ಮೇಲೆ ಬಣ್ಣದ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತೆ. ಮರದ ಬುಡ ಹಿಕ್ಕೆಯಿಂದ ಸುಣ್ಣ ಬಳಿದಂತೆ ಬೆಳ್ಳಗಿರುತ್ತೆ, ವಾಸನೆಯೂ ಜೋರು. ಅಲ್ಲಿನ ರೈತರು ಅದನ್ನು ಗೋಡು ಮಣ್ಣಿನ ಜೊತೆ ಬೆರೆಸಿ ಗೊಬ್ಬರ ಮಾಡ್ಕೊಳ್ತಾರೆ. ಹನ್ನೊಂದು ವರ್ಷದವಳಿಗೆ ಅದನ್ನು ಮನೆಯವರ ಹತ್ತಿರ ಕೇಳಿ ತಿಳ್ಕೊಳ್ಳೋಕೆ ಹೇಳಿ. ಮಾತಾಡಿಸಿದರೆ ಜಗಲಿಗೆ ಕರೀತಾರೆ.

ಟೋಪಿ ಬೇಕು, ಬಿಸಿಲಿಗೆ ಮಾತ್ರ ಅಲ್ಲ. ಡ್ರೋನ್ ಬೇಡ, ಚಪ್ಪಾಳೆ ಬೇಡ, ಹಕ್ಕಿ ಎದ್ದು ಹಾರಲಿ ಫೋಟೋಗೆ ಅಂತ ಕಲ್ಲೆಸೆಯುವ ದೊಡ್ಡವರನ್ನು ಕಂಡರೆ ನನ್ನ ಪರವಾಗಿ ಬೈಯಿರಿ. ಹತ್ತು ಗಂಟೆಗೆ ಹೊರಟರೆ ಮದ್ದೂರಿನಲ್ಲಿ ವಡೆ. ಮಕ್ಕಳಿಗೆ ಇನ್ನೂ ಉತ್ಸಾಹ ಇದ್ದರೆ ಇನ್ನೊಂದು ದಿನ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು. ಪಕ್ಷಿತಜ್ಞ ಸಾಲಿಂ ಅಲಿಯವರ ಮಾತಿನ ಮೇರೆಗೆ 1940ರಲ್ಲಿ ಪಕ್ಷಿಧಾಮ ಆದದ್ದು. ಆದರೆ ಒಂದೇ ದಿನಕ್ಕೆ ಎರಡೂ ತುರುಕಬೇಡಿ ಅಂತ ನನ್ನ ಸಲಹೆ.

ಕರಗ ನೋಡಲು ಏಳು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದೇ? ನಮ್ಮ ಮನೆಯವರು ಬೇಡ ಅಂತಾರೆ.
— ವಿಜಯನಗರ, ಬೆಂಗಳೂರು

ನಿಮ್ಮ ಮನೆಯವರು ಹೇಳೋದರಲ್ಲೂ ಅರ್ಥ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವಾಗ ಮಧ್ಯರಾತ್ರಿ ದಾಟಿರುತ್ತೆ. ಗುಡಿ ಮುಂದಿನ ನೂಕುನುಗ್ಗಲಿಗೆ ಏಳು ವರ್ಷದವನು ಬೇಡ. ಹೆಗಲ ಮೇಲೆ ಕೂರಿಸಿದರೂ ನೀವು ಬೀಳ್ತೀರಿ.

ಆದರೆ ಕರಗ ಬರೀ ಆ ಗಳಿಗೆ ಅಲ್ಲ. ಬಾವುಟ ಏರಿದ ದಿನದಿಂದ ಹುಣ್ಣಿಮೆವರೆಗೆ ದಿನಾ ಒಂದೊಂದು ಆಚರಣೆ ಇರುತ್ತೆ. ಯಾವುದಾದರೂ ಸಂಜೆ ಹೋಗಿ, ಬಿಳಿ ಪೇಟ ತೊಟ್ಟು ಕತ್ತಿ ಹಿಡಿದ ವೀರಕುಮಾರರನ್ನು ಹತ್ತಿರದಿಂದ ತೋರಿಸಿ. ದ್ರೌಪದಿಯ ಕಥೆ ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ, ಇಲ್ಲದಿದ್ದರೆ ಕರಗ ಹೊರುವ ಗಂಡಸು ಯಾಕೆ ಸೀರೆ ಉಟ್ಟು ಬಳೆ ತೊಟ್ಟಿದ್ದಾರೆ ಅನ್ನೋ ಪ್ರಶ್ನೆಗೆ ಗಲಾಟೆಯ ನಡುವೆ ಉತ್ತರ ಕೊಡೋಕಾಗಲ್ಲ. ಪೇಟೆಯೊಳಗೆ ನೆಂಟರ ಮನೆಯೋ ಅಂಗಡಿಯ ಮಹಡಿಯೋ ಇದ್ದರೆ ಮಾತ್ರ ರಾತ್ರಿ ಹೋಗಿ. ಮಗು ಅಲ್ಲೇ ಮಲಗಿರಲಿ, ಬಂದಾಗ ಎಬ್ಬಿಸಿ. ಮಲ್ಲಿಗೆಯ ಘಮ ಮೊದಲು ಬರುತ್ತೆ, ಕರಗ ಆಮೇಲೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಕರಗ ಹೋಗುತ್ತೆ ಅನ್ನೋದನ್ನು ಮಗನಿಗೆ ಹೇಳೋದು ಮರೀಬೇಡಿ. ಬೆಂಗಳೂರು ಹೇಗೆ ಕೂಡಿ ಬಾಳಿದೆ ಅಂತ ಅವನಿಗೆ ಬೇರೆ ಪಾಠ ಬೇಕಾಗಲ್ಲ.

ಮೊಮ್ಮಕ್ಕಳು ಸೂಟಿಗೆ ಬಂದಾರ. ಫೋನ್ ಕೈಬಿಡವಲ್ರು. ನಾ ಬೈದ್ರ ಸೊಸಿಗೆ ಸಿಟ್ಟು. ಏನರ ಹೇಳ್ರಿ ಅಕ್ಕಾರ.
— ಒಬ್ಬ ಅಜ್ಜ, ಗದಗ

ಬೈಬೇಡಿ ಅಜ್ಜಾರೆ, ಚೌಕಾಬಾರ ಹಾಕಿ. ಐದು ಐದು ಇಪ್ಪತ್ತೈದು ಮನೆ, ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ. ಕವಡೆ ಇಲ್ಲದಿದ್ದರೆ ಹುಣಸೆಬೀಜ ನಾಲ್ಕು ತಗೊಂಡು ಒಂದು ಕಡೆ ಮಾತ್ರ ಕಲ್ಲಿಗೆ ಉಜ್ಜಿಸಿ. ಸಿಪ್ಪೆ ಹೋಗಿ ಬಿಳಿ ಕಾಣಬೇಕು. ಉಜ್ಜುವಷ್ಟರಲ್ಲೇ ಫೋನಿನ ಬ್ಯಾಟರಿ ಮುಗಿದಿರುತ್ತೆ. ಬಿಳಿ ಮೇಲಾದಷ್ಟು ಎಣಿಕೆ. ನಾಲ್ಕೂ ಬಿಳಿ ಆದರೆ ನಾಲ್ಕು, ಒಂದೂ ಇಲ್ಲದಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಉಳಿದ ನಿಯಮ ನಿಮಗೇ ಗೊತ್ತು, ನಿಮ್ಮೂರಿನದೇ ಇಟ್ಕೊಳ್ಳಿ.

ಒಂದೇ ಮಾತು: ಮೊದಲ ಆಟ ಬೇಕಂತ ಸೋಲಬೇಡಿ. ಮಕ್ಕಳಿಗೆ ಗೊತ್ತಾಗುತ್ತೆ. ನೀವು ಗೆದ್ದು ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಂಜೆ ಅವರೇ ಬಂದು ಕೂರ್ತಾರೆ. ಸೊಸೆಯನ್ನೂ ಕರೀರಿ, ನಾಲ್ಕನೆಯ ಕೈ ಬೇಕಲ್ಲ.

ಮೆಲ್ಬರ್ನ್‌ನಲ್ಲಿದ್ದೇವೆ. ಯುಗಾದಿ ವಸಂತದ ಹಬ್ಬ ಅಂದರೆ ಮಗಳು ಕಿಟಕಿ ತೋರಿಸಿ ‘ಎಲೆ ಉದುರ್ತಾ ಇದೆಯಲ್ಲಪ್ಪ’ ಅಂತಾಳೆ.

ಹುಡುಗಿ ಸರಿಯಾಗಿ ಹೇಳಿದ್ದಾಳೆ, ಅಲ್ಲಿ ಅದು ಶರತ್ಕಾಲ. ಸುಳ್ಳು ಚಿಗುರು ತೋರಿಸೋಕೆ ಹೋಗಬೇಡಿ. ಬೇವಿನ ಹೂವಿಗೆ ಊರಿಗೆ ವೀಡಿಯೊ ಕರೆ ಮಾಡಿ, ಅಜ್ಜಿ ಮನೆಯ ಬೇವು ಹೊಂಗೆ ನೋಡಲಿ. ಮೇಲೆ ಗುಬ್ಬಿಯ ಟೀಚರ್‌ಗೆ ಬರೆದದ್ದನ್ನು ಓದಿ ಒಂದು ಕೋಲು ಅಲ್ಲೂ ನೆಡಿಸಿ. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನದ ನೆರಳು ವರ್ಷವಿಡೀ ದಕ್ಷಿಣಕ್ಕೇ, ನೆರಳಿಲ್ಲದ ದಿನ ಬರೋದೇ ಇಲ್ಲ. ಗುಬ್ಬಿಯ ಮಕ್ಕಳಿಗೆ ಆ ಅಳತೆ ಕಳಿಸಿದರೆ ಅವರಿಗೂ ಕುತೂಹಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಂದ ರಾಮನವಮಿ ಮಾಡಿಸಬೇಕು ಅಂತಿದ್ದೇವೆ. ವೇಷಭೂಷಣ ಸ್ಪರ್ಧೆ ಇಟ್ಟರೆ ಹೇಗೆ?
— ಒಂದು ನಿವಾಸಿಗಳ ಸಂಘ, ಬೆಂಗಳೂರು

ಬಾಡಿಗೆ ಕಿರೀಟ, ಅಂಟು ಮೀಸೆ, ಅಳುವ ಆಂಜನೇಯ, ಅಮ್ಮಂದಿರ ಜಗಳ. ಬೇಡ.

ಪಾನಕದ ಅಂಗಡಿ ಇಡಿಸಿ. ಬೆಲ್ಲ ಕುಟ್ಟೋದು, ನಿಂಬೆಹಣ್ಣು ಹಿಂಡೋದು, ಏಲಕ್ಕಿ, ಶುಂಠಿ, ಮೆಣಸು ಪುಡಿ ಮಾಡೋದು, ಹೆಸರುಬೇಳೆ ನೆನೆಸಿ ಕೋಸಂಬರಿ ಕಲಸೋದು ಎಲ್ಲ ಮಕ್ಕಳದೇ. ನೀರಿಗೆ ಬೆಲ್ಲ ಎಷ್ಟು ಅಂತ ಹಿಂದಿನ ದಿನ ಒಂದು ಲೋಟಕ್ಕೆ ಹದ ನೋಡಿಕೊಂಡು, ಮುನ್ನೂರು ಲೋಟಕ್ಕೆ ಎಷ್ಟಾಗುತ್ತೆ ಅಂತ ಅವರೇ ಲೆಕ್ಕ ಹಾಕಿ ಅಂಗಡಿಗೆ ಚೀಟಿ ಬರೀಲಿ. ಹಂಚೋದು ಮಾತ್ರ ಗೇಟಿನ ಒಳಗಲ್ಲ, ಹೊರಗೆ, ರಸ್ತೆಗೆ: ಆಟೋದವರು, ತರಕಾರಿ ಗಾಡಿಯವರು, ಡೆಲಿವರಿ ಹುಡುಗರು, ಪೌರಕಾರ್ಮಿಕರು. ಸಂಜೆ ಆಸಕ್ತಿ ಇರುವ ದೊಡ್ಡ ಮಕ್ಕಳನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರ್ಕೊಂಡು ಹೋಗಬಹುದು. ಶ್ರೀರಾಮ ಸೇವಾ ಮಂಡಳಿ ಅಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುತ್ತೆ. ಮಂಡಳಿ ಶುರುವಾದದ್ದು 1939ರಲ್ಲಿ. ಪೂರಾ ಕಛೇರಿ ಕೂರಬೇಕು ಅಂತ ಹಟ ಹಿಡೀಬೇಡಿ, ಮೃದಂಗದವರು ತಾವೇ ನುಡಿಸುವ ತನಿ ಆವರ್ತನ ಕೇಳಿಸಿಕೊಂಡು ಎದ್ದು ಬಂದರೂ ಸಾಕು.

ಪಾನಕಕ್ಕೆ ಪ್ಲಾಸ್ಟಿಕ್ ಲೋಟ ಬೇಡ, ಎಲ್ಲರ ಮನೆಯಿಂದ ಸ್ಟೀಲ್ ಲೋಟ ತರಿಸಿ, ತಳಕ್ಕೆ ಫ್ಲಾಟ್ ನಂಬರ್ ಬರೆದು ಟೇಪ್ ಅಂಟಿಸಿ. ತೊಳೆಯೋ ಕೆಲಸ ಅಪ್ಪಂದಿರಿಗೆ.